ಕೆಸರಿನೊಳಗಿನ ಪ್ರಶ್ನಾರ್ಥಕ ಚಿಹ್ನೆ

ದಿನವಿಡೀ ನಾಟಿ ಮಾಡಿ ಗದ್ದೆಯಿಂದ ಮೇಲೆ ಬಂದವರ ಕಾಲು ನೋಡಿದ್ದೀರಾ? ಅಂಗಾಲು ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತದೆ, ಹಿಮ್ಮಡಿಯ ಒಡಕು ಬಾಯಿಬಿಟ್ಟಿರುತ್ತದೆ. ಲೆಪ್ಟೊಸ್ಪೈರಾಕ್ಕೆ ಅಷ್ಟು ಬಾಗಿಲು ಸಾಕು.

ಮಳೆಗಾಲದಲ್ಲಿ ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಕೇಳಿಬರುವ ಇಲಿಜ್ವರಕ್ಕೆ ಕಾರಣ ಈ ಬ್ಯಾಕ್ಟೀರಿಯಾ. ಸಾವಿರವನ್ನು ಒತ್ತೊತ್ತಾಗಿ ಮಲಗಿಸಿದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪವಾದೀತು. ಸಾಮಾನ್ಯ ಸೂಕ್ಷ್ಮದರ್ಶಕದ ಕಣ್ಣಿಗೂ ಬೀಳದು. ಹಿನ್ನೆಲೆ ಕಪ್ಪಾಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಮಾತ್ರ, ಬೆಳ್ಳಿ ಎಳೆಯ ತುಣುಕೊಂದು ಗಿರಗಿರನೆ ತಿರುಗುವುದು ಕಾಣುತ್ತದೆ. ತುದಿಗಳು ಕೊಕ್ಕೆಯಂತೆ ಬಾಗಿರುತ್ತವೆ. ಹಳದಿ ಜ್ವರದಿಂದ ಸತ್ತನೆಂದು ತಿಳಿದಿದ್ದ ರೋಗಿಯೊಬ್ಬನ ಮೂತ್ರಪಿಂಡದಲ್ಲಿ 1907ರಲ್ಲಿ ಇದನ್ನು ಕಂಡ ಅಮೆರಿಕದ ಆರ್ಥರ್ ಸ್ಟಿಮ್ಸನ್ ಅವರಿಗೆ ಪ್ರಶ್ನಾರ್ಥಕ ಚಿಹ್ನೆ ನೆನಪಾಯಿತು. 'ಇಂಟೆರೋಗನ್ಸ್' ಎಂದೇ ಹೆಸರಿಟ್ಟರು. ಪ್ರಶ್ನೆಗೆ ಉತ್ತರ ಹುಡುಕಿದವರು ಜಪಾನಿನ ಇನಾಡಾ ಮತ್ತು ಇಡೊ. ಇಲಿಜ್ವರದ ಉಗ್ರ ರೂಪಕ್ಕೆ ಇದೇ ಮೂಲವೆಂದು 1915ರ ಸುಮಾರಿಗೆ ಅವರು ತೋರಿಸಿಕೊಟ್ಟರು.

ಈಜುವ ಬಹುಪಾಲು ಬ್ಯಾಕ್ಟೀರಿಯಾಗಳ ಕಶಾಂಗ (ಈಜಲು ಬಳಸುವ ಚಾಟಿಯಂಥ ಎಳೆ) ಮೈಯಿಂದ ಹೊರಗೆ ಚಾಚಿರುತ್ತದೆ. ಇದರದ್ದು ತುದಿಗೊಂದರಂತೆ ಎರಡು, ಅದೂ ಹೊರಪೊರೆಯ ಅಡಿಯಲ್ಲಿ. ಅವು ತಿರುಗಿದರೆ ಇಡೀ ಮೈಯೇ ಬೈರಿಗೆಯಾಗುತ್ತದೆ. ಬರೀ ನೀರಿಗಿಂತ ಲೋಳೆಯಂಥ ದ್ರವದಲ್ಲೇ ಇದರ ಓಟ ಚುರುಕು!

ಇಲಿಯ ಮೂತ್ರಪಿಂಡದ ನಳಿಕೆಗಳಲ್ಲಿ ಇದರ ಬಿಡಾರ. ಇಲಿಗೆ ಜ್ವರವಿಲ್ಲ, ಸುಸ್ತಿಲ್ಲ. ಉಚ್ಚೆ ಹೊಯ್ದಲ್ಲೆಲ್ಲ ರೋಗ ಬಿತ್ತುತ್ತ ತಿಂಗಳುಗಟ್ಟಲೆ ಓಡಾಡಿಕೊಂಡಿರುತ್ತದೆ. ಹೆಸರು ಕೆಟ್ಟಿದ್ದು ಇಲಿಯದು, ಆದರೆ ದನ, ಹಂದಿ, ನಾಯಿಗಳ ಮೂತ್ರದಲ್ಲೂ ಇದು ಬರುತ್ತದೆ (ಬರಿಗಾಲಲ್ಲಿ ಕೊಟ್ಟಿಗೆ ತೊಳೆಯುವವರು ಗಮನಿಸಿ). ನೆಲ ಒಣಗಿದರೆ ಸಾಯುತ್ತದೆ. ನಿಂತ ನೀರು, ಒದ್ದೆ ಮಣ್ಣು ಸಿಕ್ಕರೆ ವಾರಗಟ್ಟಲೆ ಬದುಕುತ್ತದೆ.

ಮನುಷ್ಯರಲ್ಲಿ ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಜ್ವರ ಕಾಣಿಸುತ್ತದೆ. ಕಣ್ಣು ಕೆಂಪಾಗುತ್ತದೆ, ಮೀನಖಂಡ ಮುಟ್ಟಿದರೆ ಜೀವ ಹೋಗುವಷ್ಟು ನೋವು. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ, ಶ್ವಾಸಕೋಶದಲ್ಲಿ ರಕ್ತಸ್ರಾವ. ರೋಗಿಯಿಂದ ಮನೆಯವರಿಗೆ ಹರಡುವುದು ತೀರಾ ಅಪರೂಪ.

ಪತ್ತೆ ಮಾಡುವುದೇ ಕಷ್ಟ. ಪ್ರಯೋಗಾಲಯದಲ್ಲಿ ಬೆಳೆಸಲು ವಾರಗಳು ಬೇಕು, ಅಷ್ಟು ನಿಧಾನಿ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆಯೂ ಮೊದಲ ದಿನಗಳಲ್ಲಿ 'ಇಲ್ಲ' ಎಂದುಬಿಡಬಹುದು. ಹಾಗಾಗಿ ವೈದ್ಯರು ಅನುಮಾನದ ಮೇಲೆಯೇ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ ಶುರುಮಾಡಬೇಕಾಗುತ್ತದೆ. ಆ ಅನುಮಾನ ಬರುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಜ್ವರವೆಂದು ಆಸ್ಪತ್ರೆಗೆ ಹೋದಾಗ ಅವರು ಕೇಳದಿದ್ದರೂ ಹೇಳಿ: ಹತ್ತು ದಿನದ ಹಿಂದೆ ಗದ್ದೆಗಿಳಿದಿದ್ದೆ, ಕಾಲಲ್ಲಿ ಗಾಯವಿತ್ತು.