ರೀಸ್ಟಾರ್ಟ್ ಒತ್ತುವ ಮುನ್ನ

2020ರ ಜೂನ್‌ನಲ್ಲಿ ಸರೋವರದ ಒಂದು ಚೆಂದದ ಫೋಟೋ ಹಲವು ಆಂಡ್ರಾಯ್ಡ್ ಫೋನುಗಳನ್ನು ಕೆಡಿಸಿ ಕೂರಿಸಿತು. ಅಮೆರಿಕದ ಮೊಂಟಾನಾದಲ್ಲಿ ತೆಗೆದ ಚಿತ್ರ ಅದು. ವಾಲ್‌ಪೇಪರ್ ಮಾಡಿಕೊಂಡದ್ದೇ ತಡ, ಪರದೆ ಹತ್ತುವುದು, ಆರುವುದು, ಮತ್ತೆ ಹತ್ತುವುದು. ಫೋನಿನ ಲಾಗ್‌ನಲ್ಲಿ ಮಾತ್ರ ಒಂದು ಸಾಲು ಸ್ಪಷ್ಟವಾಗಿತ್ತು: ಪಟ್ಟಿಯ ಉದ್ದ 256, ಕೇಳಿದ ಸ್ಥಾನ 256. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಕೊನೆಯ ಮನೆಯ ನಂಬರು 255. ಚಿತ್ರದ ಹೊಳಪಿನ ಲೆಕ್ಕ ಅದನ್ನು ದಾಟಿತ್ತು. ಇಲ್ಲದ ಮನೆಯ ಬಾಗಿಲು ತಟ್ಟಲು ಹೋದ, ಪರದೆಯ ಉಸ್ತುವಾರಿ ಹೊತ್ತ ಸಿಸ್ಟಂ ಯುಐ ಮತ್ತೆ ಮತ್ತೆ ಮುಗ್ಗರಿಸುತ್ತಿತ್ತು.

ಲಾಗ್ ಎಂದರೆ ಫೋನಿನ ಕಿರ್ದಿ ಪುಸ್ತಕ. ಯಾವ ಗಳಿಗೆಯಲ್ಲಿ ಯಾವ ಆಪ್ ಏನು ಮಾಡಿತು, ಎಲ್ಲಿ ಎಡವಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತಲೇ ಇರುತ್ತದೆ. ಆದರೆ ಈ ಪುಸ್ತಕಕ್ಕೆ ಹಾಳೆ ಕಡಿಮೆ. ಎಷ್ಟೋ ಫೋನುಗಳಲ್ಲಿ ಒಂದೊಂದು ಲಾಗ್ ಬಫರ್‌ಗೆ ಸಿಗುವುದು 256 ಕೆಬಿ ಜಾಗ. ತುಂಬಿತೆಂದರೆ ಹಳೆಯ ಸಾಲು ಅಳಿಸಿ ಹೊಸದು ಕೂರುತ್ತದೆ. ಮೇಲಾಗಿ ಇದೆಲ್ಲ ಇರುವುದು ರ‍್ಯಾಮ್‌ನಲ್ಲಿ. ಫೋನು ಹಟ ಹಿಡಿದಾಗ ಎಲ್ಲರೂ ಮಾಡುವ ಮನೆಮದ್ದು, ಅಂದರೆ ಆಫ್ ಮಾಡಿ ಆನ್ ಮಾಡುವುದು, ಈ ಸಾಕ್ಷಿಯನ್ನೇ ತೊಳೆದುಹಾಕುತ್ತದೆ!

ಉಳಿಸಿಕೊಳ್ಳುವ ದಾರಿ ಕಷ್ಟದ್ದೇನಲ್ಲ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಬೆರಳು ಕುಟ್ಟಿದರೆ (ಯಾಕೆ ಏಳು ಎಂದು ಕೇಳಬಾರದು) ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಲಾಗ್‌ಗೆ ಮೀಸಲಾದ ಜಾಗವನ್ನು ಅಲ್ಲೇ ಹಿಗ್ಗಿಸಬಹುದು. ಆಪ್ ಕುಸಿದ ಕೂಡಲೇ ಅಲ್ಲಿಯ ಬಗ್ ರಿಪೋರ್ಟ್ ಒತ್ತಿದರೆ ಕೆಲ ಹೊತ್ತಿನಲ್ಲಿ ಒಂದು ಜಿಪ್ ಫೈಲ್ ಸಿದ್ಧ. ಕುಸಿದ ಸಮಯವನ್ನೂ ಬರೆದಿಟ್ಟುಕೊಂಡರೆ ಸಾವಿರಾರು ಸಾಲುಗಳಲ್ಲಿ ಹುಡುಕುವ ಎಂಜಿನಿಯರಿಗೆ ಅರ್ಧ ಕೆಲಸ ಮುಗಿದಂತೆ. ಐಫೋನ್ ಇಷ್ಟು ಸತಾಯಿಸುವುದಿಲ್ಲ. ಪ್ರೈವಸಿ ವಿಭಾಗದ ಅನಲಿಟಿಕ್ಸ್ ಡೇಟಾದಲ್ಲಿ ಕ್ರ್ಯಾಶ್ ವರದಿಗಳನ್ನು ತಾನೇ ಪೇರಿಸಿಟ್ಟಿರುತ್ತದೆ.

ಆ ಜಿಪ್ ಫೈಲನ್ನು ವಾಟ್ಸ್ಯಾಪ್ ಗುಂಪಿಗೆ ಎಸೆಯುವುದು ಮಾತ್ರ ಬೇಡ. ವೈಫೈ ಹೆಸರು, ಖಾತೆಯ ವಿವರ, ಯಾವ್ಯಾವ ಆಪ್ ಇವೆ ಎಂಬುದೂ ಅದರಲ್ಲಿರಬಹುದು. ಒಂದು ಆಪ್ ಇನ್ನೊಂದರ ಲಾಗ್ ಓದದಂತೆ 2012ರ ಆಂಡ್ರಾಯ್ಡ್ 4.1ರಲ್ಲೇ ಗೂಗಲ್ ಬೇಲಿ ಹಾಕಿದ್ದು ಇದಕ್ಕೇ.

ಬಿದ್ದ ಆಪ್‌ನದೇ ತಪ್ಪು ಎನ್ನುವಂತೆಯೂ ಇಲ್ಲ. 2021ರ ಮಾರ್ಚ್‌ನಲ್ಲಿ ಜೀಮೇಲ್ ಸೇರಿದಂತೆ ಹಲವು ಆಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದವು. ದೋಷವಿದ್ದದ್ದು ವೆಬ್ ಪುಟ ತೋರಿಸಲು ಇವೆಲ್ಲ ಒಳಗೊಳಗೇ ಬಳಸುವ ವೆಬ್‌ವ್ಯೂನಲ್ಲಿ. ಅದಕ್ಕೂ ಕ್ರೋಮ್‌ಗೂ ಗೂಗಲ್ ಹೊಸ ಅಪ್‌ಡೇಟ್ ಕಳಿಸಿದ ಮೇಲೆ ಜೀಮೇಲ್ ಮೊದಲಿನಂತೆ ತೆರೆದುಕೊಂಡಿತು.