ಅಧ್ಯಾಯ 4: ಹೆಸರು ಅಳಿಸಿದ ಮೇಲೂ

ಒಬ್ಬರನ್ನು ಇಂಥವರೇ ಎಂದು ಗುರುತಿಸಲು ನೆರವಾಗುವ ಯಾವ ವಿವರವಾದರೂ ವೈಯಕ್ತಿಕ ಮಾಹಿತಿಯೇ. ಅದನ್ನು ಯಾರು, ಯಾತಕ್ಕೆ, ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂದು ಗೊತ್ತುಮಾಡುವುದು ಮಾಹಿತಿ ರಕ್ಷಣೆಯ ಕಾನೂನು. ಇಷ್ಟು ಎಲ್ಲರಿಗೂ ತಿಳಿಯುತ್ತದೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಎಲ್ಲಿ ಪಾಠ ಮಾಡಿದರೂ ಒಬ್ಬರಾದರೂ ಎದ್ದು ಕೇಳುತ್ತಾರೆ: "ಹೆಸರು, ವಿಳಾಸ ತೆಗೆದುಬಿಟ್ಟರೆ ಆಯ್ತಲ್ಲ ಮೇಷ್ಟ್ರೇ, ಆಮೇಲೇನು ಭಯ?" ಉತ್ತರವಾಗಿ ನಾನು ಐಸ್‌ಲ್ಯಾಂಡಿನ ಕತೆ ಹೇಳುತ್ತೇನೆ.

1998ರಲ್ಲಿ ಆ ಇಡೀ ದೇಶದ ಜನ ಮೂರು ಲಕ್ಷವೂ ಇರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು, ಎಲ್ಲರ ವೈದ್ಯಕೀಯ ದಾಖಲೆಗಳನ್ನೂ ಒಂದೇ ಭಂಡಾರಕ್ಕೆ ಸೇರಿಸುವ ಕಾನೂನು ಮಾಡಿತು. ಭಂಡಾರ ಕಟ್ಟುವ ಪರವಾನಗಿ ದೊರೆತದ್ದು ಡಿಕೋಡ್ ಜೆನೆಟಿಕ್ಸ್ ಎಂಬ ಕಂಪನಿಗೆ. ಬೇಡವೆನ್ನುವವರು ಅರ್ಜಿ ಬರೆದುಕೊಡಬೇಕು. ಸುಮ್ಮನಿದ್ದವರು ಒಪ್ಪಿದಂತೆಯೇ ಲೆಕ್ಕ. ಗುರುತಿನ ಸಂಖ್ಯೆಯನ್ನು ಗೂಢಲಿಪಿಗೆ ಇಳಿಸುತ್ತೇವೆ, ಹಿಂದಕ್ಕೆ ಬಿಡಿಸಲಾಗದು ಎಂಬ ಭರವಸೆಯೂ ಇತ್ತು.

ಈಗ ಒಂದು ಚೀಟಿ, ಪೆನ್ಸಿಲು ತೆಗೆದುಕೊಳ್ಳಿ. ಅಲ್ಲಿ ವರ್ಷಕ್ಕೆ ಹುಟ್ಟುತ್ತಿದ್ದ ಮಕ್ಕಳು ಸುಮಾರು 4,000. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಹನ್ನೊಂದು. ಅದರಲ್ಲಿ ಅರ್ಧ ಹೆಣ್ಣು. ಅಂದರೆ, ಹುಟ್ಟಿದ ದಿನಾಂಕ ಮತ್ತು ಹೆಣ್ಣು ಎಂಬ ಎರಡೇ ವಿವರಕ್ಕೆ ಇಡೀ ದೇಶದಲ್ಲಿ ಹೊಂದುವವರು ಐದಾರು ಮಂದಿ! ರಾಜಧಾನಿಯಿಂದಾಚೆಯ ಒಂದು ಸಣ್ಣ ಊರಿನ ಹೆಸರನ್ನೂ ಸೇರಿಸಿ, ಉಳಿಯುವುದು ಹೆಚ್ಚುಕಡಿಮೆ ಒಬ್ಬಳೇ. ಗೂಢಲಿಪಿ ಎಷ್ಟೇ ಗಟ್ಟಿಯಿರಲಿ, ಅದು ಮುಚ್ಚಿದ್ದು ಸಂಖ್ಯೆಯನ್ನು ಮಾತ್ರ. ಪಕ್ಕದ ಕಾಲಮ್ಮುಗಳೆಲ್ಲ ಬಾಯಿಬಿಟ್ಟುಕೊಂಡೇ ಇರುತ್ತವೆ. ನಮ್ಮ ಹಳ್ಳಿಗಳಲ್ಲಿ ಇದನ್ನು ವಿವರಿಸುವುದು ಬಲು ಸುಲಭ. "ಕೆರೆ ಏರಿ ಪಕ್ಕದ ಮನೆ, ಮೂರನೇ ಹೆರಿಗೆ" ಎಂದರೆ ಯಾರು ತಾನೆ ಹೆಸರು ಕೇಳುತ್ತಾರೆ?

ದೊಡ್ಡ ದೇಶದಲ್ಲಿ ಈ ತೊಡಕಿಲ್ಲ ಎಂದುಕೊಳ್ಳಬೇಡಿ. ಹುಟ್ಟಿದ ದಿನಾಂಕ, ಲಿಂಗ, ಐದು ಅಂಕಿಯ ಅಂಚೆ ಸಂಖ್ಯೆ ಈ ಮೂರರಿಂದಲೇ ಅಮೆರಿಕದ ಸುಮಾರು ಶೇ. 87ರಷ್ಟು ಜನರನ್ನು ಪ್ರತ್ಯೇಕಿಸಬಹುದೆಂದು ಸಂಶೋಧಕಿ ಲಟಾನ್ಯಾ ಸ್ವೀನಿ 2000ರಲ್ಲಿ ಲೆಕ್ಕಹಾಕಿ ತೋರಿಸಿದರು. ಸಣ್ಣ ನಾಡಿನಲ್ಲಿ ಅಷ್ಟೂ ಬೇಕಾಗದು.

ಐಸ್‌ಲ್ಯಾಂಡಿನ ಹುಡುಗಿಯೊಬ್ಬಳು, ತೀರಿಹೋದ ತನ್ನ ತಂದೆಯ ದಾಖಲೆ ಈ ಭಂಡಾರಕ್ಕೆ ಹೋಗಕೂಡದೆಂದು ಹಟ ಹಿಡಿದಳು. ಅಧಿಕಾರಿಗಳು ಒಪ್ಪಲಿಲ್ಲ. 2003ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವಳ ಪರ ನಿಂತಿತು. ವಯಸ್ಸು, ಊರು, ಓದು, ಕಸುಬು ಇವುಗಳಲ್ಲಿ ಯಾವುದು ಭಂಡಾರ ಸೇರಬೇಕೆಂದು ಕಾನೂನೇ ಹೇಳದಿರುವಾಗ ಗೂಢಲಿಪಿಯೊಂದೇ ಸಾಲದು ಎಂದಿತು. ಇನ್ನೊಂದು ಮಾತನ್ನೂ ಹೇಳಿತು, ನನಗೆ ಬಹಳ ಪ್ರಿಯವಾದ ಮಾತು: ತಂದೆಯಿಂದ ಬಂದ ಗುಣಗಳ ಮೂಲಕ ಮಗಳ ವಿಷಯವೂ ತಿಳಿಯುತ್ತದೆ, ಆದ್ದರಿಂದ ಕೇಳುವ ಹಕ್ಕು ಅವಳಿಗಿದೆ. ಆ ಭಂಡಾರ ಕೊನೆಗೂ ಮೇಲೇಳಲಿಲ್ಲ.

ಕಂಪನಿ ಮಾತ್ರ ಒಪ್ಪಿಗೆ ಕೊಟ್ಟವರ ರಕ್ತದ ಮಾದರಿಗಳೊಂದಿಗೆ ಸಂಶೋಧನೆ ಮುಂದುವರಿಸಿತು. ದೇಶದ ವಂಶಾವಳಿ ತಲೆಮಾರುಗಳಿಂದ ದಾಖಲಾಗಿರುವುದರಿಂದ, ಮಾದರಿಯನ್ನೇ ಕೊಡದವರ ಬಗ್ಗೆಯೂ ಊಹಿಸುವುದು ಸಾಧ್ಯವಾಯಿತು. ಸ್ತನ ಕ್ಯಾನ್ಸರಿಗೆ ದಾರಿಮಾಡುವ ಬಿಆರ್‌ಸಿಎ2 ಜೀನಿನ ದೋಷವಿರುವವರಿಗೆ, ಅವರು ಕೇಳದಿದ್ದರೂ ಹೇಳಬೇಕೆ? ಹೇಳಿದರೆ ಜೀವ ಉಳಿಯಬಹುದು. ಆದರೆ ತಿಳಿಯದೆ ಇರುವ ಹಕ್ಕೂ ಒಂದಿದೆಯಲ್ಲ. ದೇಶದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. 2018ರಲ್ಲಿ, ತಿಳಿಯಬಯಸುವವರು ತಾವೇ ಕೇಳಿ ಪಡೆಯುವ ವ್ಯವಸ್ಥೆಯೊಂದು ಬಂತು.

ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ. ಅದನ್ನು ಓದಲು ಕೂರುವ ಮುನ್ನ ದಯವಿಟ್ಟು ಒಂದು ಕೆಲಸ ಮಾಡಿ. ನಿಮ್ಮ ಪಂಚಾಯಿತಿಯಲ್ಲಿ ನಿಮ್ಮದೇ ವಯಸ್ಸು, ಲಿಂಗ, ಜಾತಿ, ಕಸುಬು ಇರುವವರು ಎಷ್ಟು ಮಂದಿ, ಬೆರಳು ಮಡಚಿ ಎಣಿಸಿ. ಇಂಥ ಎಣಿಕೆಗಳನ್ನು ಕೋಷ್ಟಕವಾಗಿ ಪ್ರಕಟಿಸುವಾಗ, ಸಂಖ್ಯೆ ತೀರ ಚಿಕ್ಕದಾದ ಚೌಕಗಳನ್ನು ತೋರಿಸದೆ ಬಿಡುವ ಪದ್ಧತಿ ಸಂಖ್ಯಾಶಾಸ್ತ್ರದಲ್ಲಿದೆ. ಹಾಗೆ ಬಿಟ್ಟ ಚೌಕದ ಸಂಖ್ಯೆಯನ್ನೂ ಸಾಲಿನ ಒಟ್ಟು ಮೊತ್ತದಿಂದ ಕಳೆದು ಪತ್ತೆಹಚ್ಚಬಹುದು! ಅದನ್ನು ತಡೆಯುವ ಬಗೆಗಳ ಮೇಲೆ ಒಂದು ಶಾಸ್ತ್ರವೇ ಬೆಳೆದಿದೆ. ಕನ್ನಡದ ಗಣಿತದ ಹುಡುಗ ಹುಡುಗಿಯರು ಆ ಕಡೆ ಬರಲಿ, ಕೆಲಸ ಬೇಕಾದಷ್ಟಿದೆ.