ಕಿಲೋಮೀಟರಿಗೆ ₹1.30, ₹3.25, ₹4.80: ಮುಂಬಯಿಯಲ್ಲಿ ಎಲೆಕ್ಟ್ರಿಕ್ ಕಾರಿನ ಲೆಕ್ಕ

ಟೆಸ್ಲಾ ಕಂಪನಿ ಭಾರತದಲ್ಲಿ ತನ್ನ ಮೊದಲ ಚಾರ್ಜಿಂಗ್ ಕೇಂದ್ರವನ್ನು 2025ರ ಆಗಸ್ಟ್ 4ರಂದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ತೆರೆಯಿತು. ವೇಗದ ಡಿಸಿ ಚಾರ್ಜರಿನಲ್ಲಿ ಯೂನಿಟ್ಟಿಗೆ ₹24, ನಿಧಾನದ ಎಸಿ ಚಾರ್ಜರಿನಲ್ಲಿ ₹14. ಅದಕ್ಕೂ ಮೂರು ವಾರ ಮೊದಲು, ಜುಲೈ 15ರಂದು, ಅದೇ ಬಿಕೆಸಿಯ ಮೇಕರ್ ಮ್ಯಾಕ್ಸಿಟಿಯಲ್ಲಿ ಶೋರೂಮ್ ತೆರೆದಾಗ ಊರಿಗೆ ಊರೇ ಮಾತಾಡಿದ್ದು ಕಾರಿನ ಬೆಲೆಯ ಬಗ್ಗೆ: ಮಾಡೆಲ್ ವೈ ₹59.89 ಲಕ್ಷದಿಂದ ಆರಂಭ, ಹೆಚ್ಚು ದೂರ ಓಡುವ ಮಾದರಿಗೆ ₹67.89 ಲಕ್ಷ. ನನ್ನ ಗಮನ ಮಾತ್ರ ಆ ಯೂನಿಟ್ ದರದ ಮೇಲೆಯೇ ನಿಂತಿದೆ. ಮುಂಬಯಿಯಲ್ಲಿ ಎಲೆಕ್ಟ್ರಿಕ್ ಕಾರು ಲಾಭವೋ ಅಲ್ಲವೋ ಎಂಬುದು ಕಾರಿಗಿಂತ ಹೆಚ್ಚಾಗಿ ಯೂನಿಟ್ಟಿಗೆ ಎಲ್ಲಿ, ಎಷ್ಟು ಕೊಡುತ್ತೀರಿ ಎಂಬುದರ ಮೇಲೆ ನಿಂತಿದೆ.

ಟೆಸ್ಲಾದ ವಿಷಯ ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ಆಗ ಮಾಡೆಲ್ ವೈ ಆರಂಭದ ಬೆಲೆ 44,990 ಡಾಲರ್, ಅಂದರೆ ಸುಮಾರು ₹39 ಲಕ್ಷ. ಇಲ್ಲಿಗೆ ಅದು ಶಾಂಘೈ ಕಾರ್ಖಾನೆಯಿಂದ ಸಿದ್ಧವಾಗಿ ಬರುವುದರಿಂದ ಆಮದು ಸುಂಕ ಸೇರಿ ₹60 ಲಕ್ಷದ ಹತ್ತಿರ ಹೋಯಿತು. ಇಲ್ಲಿ ಓಡುವ ಕಾರು ಇಲ್ಲಿಯೇ ತಯಾರಾಗಬೇಕು ಎಂದು 1930ರ ದಶಕದಲ್ಲಿ ಇದೇ ಮುಂಬಯಿಯಲ್ಲಿ ಯೋಜನೆ ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಆ ಕನಸು ಕೊನೆಗೆ ವಾಲ್‌ಚಂದ್ ಹೀರಾಚಂದರ ಕೈಯಲ್ಲಿ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ರೂಪ ತಾಳಿತು. ಅದರ ಕಾರ್ಖಾನೆ ಇದ್ದ ಕುರ್ಲಾ ಈಗಿನ ಬಿಕೆಸಿಗೆ ತಾಗಿಕೊಂಡೇ ಇದೆ. ಎಲೆಕ್ಟ್ರಿಕ್ ಕಾರನ್ನೂ ನಮ್ಮವರು ಬೇಗನೆ ಮಾಡಿದ್ದರು. ಬೆಂಗಳೂರಿನ ರೇವಾ 2001ರಲ್ಲೇ ರಸ್ತೆಗಿಳಿದಿತ್ತು. ಒಂದು ಚಾರ್ಜಿಗೆ ಓಡುತ್ತಿದ್ದುದು 80 ಕಿ.ಮೀ.

ಈಗ ಹದಿನೈದು ಲಕ್ಷದ ಆಸುಪಾಸಿನ ಕಾರುಗಳಿಗೆ ಬರೋಣ, ಮುಲುಂಡ್, ಚೆಂಬೂರು, ಬೊರಿವಲಿಗಳ ನಮ್ಮ ಕುಟುಂಬಗಳು ನಿಜವಾಗಿ ಟೆಸ್ಟ್ ಡ್ರೈವ್‌ಗೆ ಹೋಗುವುದು ಇವಕ್ಕೇ. ನಾನು ಓಡಿಸಿದ್ದು 45 ಯೂನಿಟ್ ಬ್ಯಾಟರಿಯ ಎಲೆಕ್ಟ್ರಿಕ್ ಟಾಟಾ ನೆಕ್ಸಾನ್. ಮೊದಲು ತಟ್ಟುವುದು ಅದರ ಮೌನ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನಿನ ನಡುಕವಿಲ್ಲ, ಬಿಟ್ಟ ಕೂಡಲೇ ಕಾರು ತಡವರಿಸದೆ ಮುಂದಕ್ಕೆ ಚಿಮ್ಮುತ್ತದೆ. ಫ್ಲೈಓವರಿನ ಏರಿನಲ್ಲಿ ಗೇರಿನ ಯೋಚನೆಯೇ ಇಲ್ಲ. ಕಾಲು ಎತ್ತಿದರೆ ಮೋಟಾರೇ ಕಾರನ್ನು ಹಿಡಿದು ನಿಧಾನಿಸಿ, ಆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಆ ಹಿಡಿತವನ್ನು ಹೆಚ್ಚು ಕಡಿಮೆ ಮಾಡಬಹುದು. ಸಾಯನ್‌ನಿಂದ ಘಾಟ್ಕೋಪರ್‌ವರೆಗೆ ತೆವಳುವ ಟ್ರಾಫಿಕ್ಕಿನಲ್ಲಿ ಬ್ರೇಕಿಗೂ ಕ್ಲಚ್ಚಿಗೂ ನಡುವೆ ಕಾಲು ನೋಯಿಸಿಕೊಂಡವರಿಗೆ ಇದು ದೊಡ್ಡ ಬಿಡುಗಡೆ. ಓಡಿಸುವ ಸುಖದಲ್ಲಿ ಪೆಟ್ರೋಲ್ ಕಾರು ಇದಕ್ಕೆ ಸಾಟಿಯಲ್ಲ, ಇದನ್ನು ಅಳುಕಿಲ್ಲದೆ ಹೇಳುತ್ತೇನೆ.

ಆದರೆ ಟೆಸ್ಟ್ ಡ್ರೈವ್‌ನ ದಾರಿಯನ್ನು ಆರಿಸುವವರು ಮಾರುವವರು. ನಯವಾದ ರಸ್ತೆ, ಖಾಲಿ ಹೊತ್ತು, ಒಳಗೆ ಇಬ್ಬರು. ಸಂಜೆ ಏಳರ ಹೊತ್ತಿಗೆ, ಮನೆಯ ನಾಲ್ವರನ್ನೂ ಕೂರಿಸಿಕೊಂಡು, ಏಸಿ ಹಾಕಿಯೇ ಓಡಿಸಿ. ಡ್ಯಾಶ್‌ಬೋರ್ಡಿನಲ್ಲಿ ಕಿಲೋಮೀಟರಿಗೆ ಎಷ್ಟು ವ್ಯಾಟ್-ಗಂಟೆ ಖರ್ಚು ಎಂಬ ಅಂಕಿ ಇರುತ್ತದೆ, ನೋಡಬೇಕಾದ್ದು ಅದನ್ನೇ. ಈ ಕಾರಿಗೆ ಪರೀಕ್ಷಾಲಯದ ಪ್ರಮಾಣಿತ ದೂರ 489 ಕಿ.ಮೀ. ನಿಜವಾದ ಬಳಕೆಯಲ್ಲಿ 350ರಿಂದ 375 ಎಂದು ಕಂಪನಿಯೇ ಹೇಳುತ್ತದೆ. 350 ಎಂದೇ ಹಿಡಿದರೆ ಕಿಲೋಮೀಟರಿಗೆ 129 ವ್ಯಾಟ್-ಗಂಟೆ. ಜಾಮಿನಲ್ಲಿ ಇದು ಏರುತ್ತದೆ. ಏಸಿ ಗಂಟೆಗೆ ಸುಮಾರು 1 ಯೂನಿಟ್ ತಿಂದರೆ, ಗಂಟೆಗೆ 40 ಕಿ.ಮೀ. ಓಡುವಾಗ ಕಿಲೋಮೀಟರಿಗೆ 25 ವ್ಯಾಟ್-ಗಂಟೆ ಅದರ ಪಾಲು; ಗಂಟೆಗೆ 10 ಕಿ.ಮೀ. ತೆವಳುವಾಗ 100. ಜಾಮಿನಲ್ಲಿ ಚಕ್ರಕ್ಕೆ ಬೇಕಾಗುವಷ್ಟೇ ವಿದ್ಯುತ್ತು ತಂಪಿಗೂ ಹೋಗಿಬಿಡುತ್ತದೆ.

ಬ್ಯಾಟರಿ ತುಂಬುವಾಗ ಸ್ವಲ್ಪ ವಿದ್ಯುತ್ತು ಶಾಖವಾಗಿ ನಷ್ಟವಾಗುತ್ತದೆ. ಅದನ್ನೂ ಸೇರಿಸಿ ಮನೆಯ ಮೀಟರಿನಲ್ಲಿ ಕಿಲೋಮೀಟರಿಗೆ 0.145 ಯೂನಿಟ್ ಎಂದಿಟ್ಟುಕೊಳ್ಳೋಣ. ದ್ವೀಪನಗರದಲ್ಲಿ ಬೆಸ್ಟ್, ಉಪನಗರಗಳಲ್ಲಿ ಅದಾನಿ ಮತ್ತು ಟಾಟಾ ಪವರ್, ಭಾಂಡುಪ್-ಮುಲುಂಡ್ ಕಡೆ ಮಹಾವಿತರಣ್. ದರ ಒಂದೊಂದರದೂ ಬೇರೆ. ಲೆಕ್ಕಕ್ಕೆ ನಾನು ₹9 ಹಿಡಿಯುತ್ತೇನೆ. ಆಗ ಕಿಲೋಮೀಟರಿಗೆ ₹1.30. ಡಿಸಿಯಲ್ಲಿ ಆ ನಷ್ಟ ಕಡಿಮೆ, ಹಾಗಾಗಿ ಅದೇ ಕಾರನ್ನು ಬಿಕೆಸಿಯ ಡಿಸಿ ದರದಂತೆ ₹24ಕ್ಕೆ ತುಂಬಿಸಿದರೆ ಸುಮಾರು ₹3.25. ಸಿಎನ್‌ಜಿ ಕೆಜಿಗೆ ಸುಮಾರು ₹80, ನಗರದಲ್ಲಿ 20 ಕಿ.ಮೀ. ಸಿಕ್ಕರೆ ₹4. ಪೆಟ್ರೋಲ್ ಲೀಟರಿಗೆ ₹103.50, ಇದೇ ಗಾತ್ರದ ಕಾರು ಟ್ರಾಫಿಕ್ಕಿನಲ್ಲಿ 12 ಕಿ.ಮೀ. ಕೊಟ್ಟರೆ ₹8.60. ಇವೆಲ್ಲ 2025ರ ದರಗಳು.

ವರ್ಷಕ್ಕೆ 10,000 ಕಿ.ಮೀ. ಓಡಿಸುವ ಮನೆಗೆ ಪೆಟ್ರೋಲ್ ₹86,000, ಸಿಎನ್‌ಜಿ ₹40,000, ಬೀದಿ ಬದಿಯ ವೇಗದ ಚಾರ್ಜರ್ ₹32,500, ಸ್ವಂತ ಪ್ಲಗ್ಗು ₹13,000. ಸ್ವಂತ ಪ್ಲಗ್ಗಿದ್ದರೆ ಸಿಎನ್‌ಜಿಗಿಂತ ₹27,000 ಉಳಿತಾಯ, ಇಲ್ಲದಿದ್ದರೆ ಬರೇ ₹7,500. ಆ ₹7,500ಕ್ಕಾಗಿ ವರ್ಷವಿಡೀ ಚಾರ್ಜರ್ ಹುಡುಕಿ ಕಾಯುತ್ತ ಕೂರಲು ಯಾರಿಗೂ ನಾನು ಹೇಳಲಾರೆ.

ಬ್ಯಾಟರಿಯನ್ನು ಬಾಡಿಗೆಗೆ ಪಡೆಯುವ ಯೋಜನೆಯನ್ನೂ ಇದೇ ಪೆನ್ಸಿಲ್ಲಿನಿಂದ ಲೆಕ್ಕ ಹಾಕಬೇಕು. ಎಂಜಿ ವಿಂಡ್ಸರ್ 2024ರ ಸೆಪ್ಟೆಂಬರಿನಲ್ಲಿ ಬಂದಾಗ ಬ್ಯಾಟರಿ ಸೇರಿ ₹13.50 ಲಕ್ಷ, ಬ್ಯಾಟರಿ ಬಾಡಿಗೆಗಾದರೆ ಕಾರಿಗೆ ₹9.99 ಲಕ್ಷ ಮತ್ತು ಕಿಲೋಮೀಟರಿಗೆ ₹3.50. ವ್ಯತ್ಯಾಸ ₹3.51 ಲಕ್ಷ. ₹3.50ರಿಂದ ಭಾಗಿಸಿದರೆ ಹೆಚ್ಚೂಕಡಿಮೆ ಒಂದು ಲಕ್ಷ ಕಿ.ಮೀ. ಅಲ್ಲಿಯವರೆಗೆ ಓಡಿದ ಮೇಲೆ ಬಾಡಿಗೆಯೇ ದುಬಾರಿ. ವರ್ಷಕ್ಕೆ ಹತ್ತು ಸಾವಿರ ಓಡಿಸುವವರಿಗೆ ಅದು ಹತ್ತು ವರ್ಷ, ದಿನವಿಡೀ ಓಡಿಸುವ ಬಾಡಿಗೆ ಕಾರಿನವರಿಗೆ ಎರಡೇ ವರ್ಷ. ಬಾಡಿಗೆಯ ಮೇಲೆ ಮನೆಯ ವಿದ್ಯುತ್ತೂ ಸೇರಿದರೆ ಕಿಲೋಮೀಟರಿಗೆ ₹4.80, ಸಿಎನ್‌ಜಿಗಿಂತ 80 ಪೈಸೆ ಜಾಸ್ತಿ. ಕೈಯಲ್ಲಿ ಒಮ್ಮೆಗೇ ಹಣವಿಲ್ಲದವರಿಗೆ ಇದು ಅನುಕೂಲ ನಿಜ, ಆದರೆ ಅಗ್ಗವಲ್ಲ.

ಖರೀದಿಯ ಹೊತ್ತಿನಲ್ಲಿ ಸರ್ಕಾರ ಬಿಟ್ಟುಕೊಡುವುದು ಸಣ್ಣ ಮೊತ್ತವಲ್ಲ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5%. ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ 2025ರ ಸೆಪ್ಟೆಂಬರ್ 22ರಂದು 18%ಕ್ಕೆ ಇಳಿದದ್ದರಿಂದ ನಡುವಿನ ಅಂತರ ಕಿರಿದಾಗಿದೆ. ಮಹಾರಾಷ್ಟ್ರದಲ್ಲಿ ₹15 ಲಕ್ಷದ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆ 12%, ಅಂದರೆ ₹1.80 ಲಕ್ಷ, ಎಲೆಕ್ಟ್ರಿಕ್ ಕಾರಿಗೆ ಸೊನ್ನೆ. ₹30 ಲಕ್ಷಕ್ಕೂ ಮೇಲ್ಪಟ್ಟ ಎಲೆಕ್ಟ್ರಿಕ್ ಕಾರುಗಳಿಗೆ 6% ಹಾಕುವ ಪ್ರಸ್ತಾವ 2025ರ ರಾಜ್ಯ ಬಜೆಟ್ಟಿನಲ್ಲಿತ್ತು, ಅದೇ ವರ್ಷದ ಮಾರ್ಚಿನಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಅದನ್ನು ಕೈಬಿಟ್ಟರು. 2025ರ ಆಗಸ್ಟ್ 22ರಿಂದ ಎಲೆಕ್ಟ್ರಿಕ್ ಕಾರಿಗೆ ಅಟಲ್ ಸೇತುವಿನ ಟೋಲ್ ಕೂಡ ಇಲ್ಲ. ಸೇತುವಿನ ಆಚೆ ತುದಿಯಿಂದ ಶಿವಡಿಗೆ ದಿನಾ ಬಂದುಹೋಗುವವರು ಹೋಗಿಬರಲು ₹375 ಕಟ್ಟುತ್ತಿದ್ದರು. ತಿಂಗಳಿಗೆ 20 ದಿನಕ್ಕೆ ₹7,500. ಪೆಟ್ರೋಲ್ ಬಿಟ್ಟು ಪ್ಲಗ್ಗಿಗೆ ಬಂದ ಉಳಿತಾಯ ತಿಂಗಳಿಗೆ ಸುಮಾರು ₹6,000. ಅಂಥವರಿಗೆ ಇಂಧನಕ್ಕಿಂತ ಟೋಲೇ ಹೆಚ್ಚು ಉಳಿಸುತ್ತದೆ. ವಾಶಿ, ಮುಲುಂಡ್, ದಹಿಸರ್ ನಾಕಾಗಳಲ್ಲಿ ಈ ಲಾಭವಿಲ್ಲ. ಅಲ್ಲಿ 2024ರ ಅಕ್ಟೋಬರಿನಿಂದ ಯಾವ ಕಾರಿಗೂ ಟೋಲಿಲ್ಲ.

ಇನ್ನು ಎಲ್ಲದಕ್ಕೂ ಮೂಲವಾದ ಪ್ಲಗ್ಗು. ಸೊಸೈಟಿಯ ಕಮಿಟಿಗೆ ಎನ್‌ಒಸಿ ಕೇಳಲು ಹೋದಾಗ ಬರುವ ಮೊದಲ ಮಾತು, "ಎಲ್ಲರೂ ಕೇಳಿದರೆ ಲೋಡ್ ತಡೆಯುತ್ತಾ?" ಎಂಬುದು. ಪ್ರಶ್ನೆ ಸರಿಯಾಗಿದೆ, ಅದಕ್ಕೆ ಉತ್ತರವನ್ನೂ ಅಂಕಿಯಲ್ಲೇ ಕೊಡಬೇಕು. 60 ಮನೆಗಳ ಕಟ್ಟಡದಲ್ಲಿ 20 ಎಲೆಕ್ಟ್ರಿಕ್ ಕಾರುಗಳಿವೆ ಎನ್ನೋಣ. ಒಬ್ಬೊಬ್ಬರೂ 7.2 ಕಿಲೋವ್ಯಾಟಿನ ಚಾರ್ಜರ್ ಹಾಕಿಸಿ ರಾತ್ರಿ ಒಂಬತ್ತಕ್ಕೆ ಒಟ್ಟಿಗೇ ಸ್ವಿಚ್ ಒತ್ತಿದರೆ 144 ಕಿಲೋವ್ಯಾಟ್. ಹಳೆಯ ಕಟ್ಟಡದ ಕೇಬಲ್ ಅದನ್ನು ತಡೆಯಲಾರದು. ಆದರೆ ಅಷ್ಟು ಬೇಕೇ ಆಗಿಲ್ಲ. ದಿನಕ್ಕೆ 30 ಕಿ.ಮೀ. ಓಡುವ ಕಾರಿಗೆ ಬೇಕಾದ್ದು ಸುಮಾರು 4.35 ಯೂನಿಟ್. 15 ಆಂಪಿಯರಿನ ಸಾಮಾನ್ಯ ಪ್ಲಗ್ಗಿನಲ್ಲಿ, 3.3 ಕಿಲೋವ್ಯಾಟಿನಲ್ಲಿ, ಅದು ಒಂದು ಗಂಟೆ ಇಪ್ಪತ್ತು ನಿಮಿಷದ ಕೆಲಸ. 20 ಕಾರುಗಳಿಗೆ ಸೇರಿ ರಾತ್ರಿಗೆ 87 ಯೂನಿಟ್. ಹತ್ತರಿಂದ ಬೆಳಗಿನ ಆರರವರೆಗೆ ಎಂಟು ಗಂಟೆಗೆ ಸರದಿಯಲ್ಲಿ ಹಂಚಿದರೆ ಸರಾಸರಿ 11 ಕಿಲೋವ್ಯಾಟ್, ಅಂದರೆ ಬೆಳಿಗ್ಗೆ ಆರು ಮನೆಗಳಲ್ಲಿ ಒಟ್ಟಿಗೆ ಗೀಸರ್ ಹಾಕಿದಷ್ಟು. ಕಮಿಟಿ ಹೆದರಬೇಕಾದ್ದು ಕಾರುಗಳಿಗಲ್ಲ, ಸರದಿಯಿಲ್ಲದ ದೊಡ್ಡ ಚಾರ್ಜರುಗಳಿಗೆ. ಸಣ್ಣ ಪ್ಲಗ್ಗು, ಪ್ರತಿ ಪ್ಲಗ್ಗಿಗೆ ಮೀಟರು, ಸರಿಯಾದ ಅರ್ಥಿಂಗ್, ಟೈಮರು: ಇಷ್ಟನ್ನು ಸರ್ವಸಾಧಾರಣ ಸಭೆಯಲ್ಲಿ ಠರಾವು ಮಾಡಿಕೊಂಡರೆ ಸಾಕು. ಮಹಾರಾಷ್ಟ್ರದ ಸೊಸೈಟಿಗಳು ಆ ಸಭೆಯನ್ನು ಸೆಪ್ಟೆಂಬರ್ 30ರೊಳಗೆ ಮಾಡಲೇಬೇಕು. ಕಾರು ಬುಕ್ ಮಾಡುವ ಮೊದಲೇ ವಿಷಯವನ್ನು ಅಲ್ಲಿಗೆ ತನ್ನಿ. ಕಾನೂನೂ ಜೊತೆಗಿದೆ: 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಂತೆ ವಾಹನ ಚಾರ್ಜಿಂಗಿಗೆಂದೇ ಪ್ರತ್ಯೇಕ ಸಂಪರ್ಕ ಕೇಳಬಹುದು. ಕೇಳುವುದು ಒಳ್ಳೆಯದು ಕೂಡ. ತಿಂಗಳಿಗೆ 120 ಯೂನಿಟ್ ಮನೆಯ ಮೀಟರಿಗೆ ಸೇರಿದರೆ ಆ ಹೆಚ್ಚುವರಿ ಯೂನಿಟ್ಟುಗಳು ಮೇಲಿನ ಸ್ಲ್ಯಾಬಿನ ದರಕ್ಕೆ ಹತ್ತಬಹುದು.

ಪ್ಲಗ್ಗಿಗೆ ಜಾಗವೇ ಇಲ್ಲದವರ ಕಥೆ ಬೇರೆ. ಮಾಟುಂಗಾ, ದಾದರ್, ಗಿರ್ಗಾಂವ್‌ಗಳ ಹಳೆಯ ಕಟ್ಟಡಗಳಲ್ಲಿ ಕಾರು ರಸ್ತೆಯಲ್ಲೇ ಮಲಗುತ್ತದೆ. ಹೊಸ ಟವರುಗಳ ಪಝಲ್ ಪಾರ್ಕಿಂಗಿನಲ್ಲಿ ಕಾರು ಯಂತ್ರದ ಮೇಲೆ ಏರಿಳಿಯುವುದರಿಂದ ವೈರು ಎಳೆಯುವುದು ಸುಲಭವಲ್ಲ. ನನ್ನನ್ನು ಹೆಚ್ಚು ಕಾಡುವುದು ಟ್ಯಾಕ್ಸಿಯವರ ಲೆಕ್ಕ. ವರ್ಷಕ್ಕೆ 50,000 ಕಿ.ಮೀ. ಓಡಿಸುವವರಿಗೆ ಸ್ವಂತ ಪ್ಲಗ್ಗಿದ್ದರೆ ಸಿಎನ್‌ಜಿಗೆ ಹೋಲಿಸಿ ₹1.35 ಲಕ್ಷ ಉಳಿಯುತ್ತದೆ, ಮಗಳ ಕಾಲೇಜಿನ ಫೀಸು ಕಟ್ಟುವಷ್ಟು ಹಣ. ಆದರೆ ಅವರಲ್ಲಿ ಹೆಚ್ಚಿನವರ ವಾಸ ಚಾಳಿನಲ್ಲಿ, ಗಾಡಿ ನಿಲ್ಲುವುದು ಬೀದಿಯಲ್ಲಿ. ಬೀದಿಯ ಡಿಸಿ ದರದಲ್ಲಿ ಉಳಿತಾಯ ₹37,500ಕ್ಕೆ ಇಳಿಯುತ್ತದೆ, ಚಾರ್ಜರಿನ ಮುಂದೆ ಕಳೆದ ದುಡಿಮೆಯ ಹೊತ್ತು ಅದನ್ನೂ ತಿನ್ನುತ್ತದೆ. ಪಾಲಿಕೆಯ ಪೇ-ಅಂಡ್-ಪಾರ್ಕ್ ಜಾಗಗಳಲ್ಲಿ ರಾತ್ರಿಯಿಡೀ ನಿಧಾನವಾಗಿ ತುಂಬುವ ಅಗ್ಗದ ಪ್ಲಗ್ಗುಗಳು ಬಂದರೆ ಈ ನಗರದಲ್ಲಿ ಅತಿ ಹೆಚ್ಚು ಕಿಲೋಮೀಟರ್ ಓಡುವ ಗಾಡಿಗಳು ಬದಲಾಗುತ್ತವೆ.

ಹೊಗೆಯ ಲೆಕ್ಕ ಚಿಕ್ಕದು. ನಮ್ಮ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದು. ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಕಿಲೋಮೀಟರಿಗೆ 100 ಗ್ರಾಂ ಆಯಿತು. ಪೆಟ್ರೋಲಿನದು ಸುಮಾರು 190 ಗ್ರಾಂ. ಅರ್ಧದಷ್ಟು ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ.

ಮಳೆಯ ಬಗ್ಗೆ ಎಲ್ಲರೂ ಕೇಳುತ್ತಾರೆ, 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಬಿದ್ದ 944 ಮಿಲಿಮೀಟರನ್ನು ಈ ನಗರ ಮರೆತಿಲ್ಲ. ಬ್ಯಾಟರಿ ಪೆಟ್ಟಿಗೆಗೆ ಐಪಿ67 ಪ್ರಮಾಣಪತ್ರ ಇದೆಯೇ ಎಂದು ಕೇಳಿ: ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಒಳಗೆ ನೀರು ಹೋಗಬಾರದು ಎಂಬುದು ಅದರ ಅರ್ಥ. ಹಿಂದ್‌ಮಾತಾದ ನೀರಿನಲ್ಲಿ ಕಾರು ನುಗ್ಗಿಸಲು ಅದು ಪರವಾನಗಿಯಲ್ಲ. ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರು ಪ್ಲಗ್ಗನ್ನು ಎದೆಯ ಮಟ್ಟಕ್ಕಿಂತ ಮೇಲೆ ಕೂರಿಸಿಕೊಳ್ಳಬೇಕು.

ಕೊನೆಗೆ ಮನೆಯ ಹಿರಿಯರು ಕೇಳುವ ಪ್ರಶ್ನೆ: ಇದು ಊರಿಗೆ ಹೋಗುತ್ತದೆಯೇ? ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 900 ಕಿ.ಮೀ. ಹೆದ್ದಾರಿಯ ವೇಗದಲ್ಲಿ 45 ಯೂನಿಟ್ ಬ್ಯಾಟರಿ 300 ಕಿ.ಮೀ. ಕೊಡುತ್ತದೆ ಎಂದು ಬಿಗಿಯಾಗಿಯೇ ಹಿಡಿಯೋಣ. ತುಂಬಿ ಹೊರಟು 10% ಉಳಿಯುವಾಗ 270 ಕಿ.ಮೀ. ಅಲ್ಲಿಂದ ಪ್ರತಿ ನಿಲುಗಡೆಯಲ್ಲಿ 10ರಿಂದ 80%ವರೆಗೆ ತುಂಬಿಸಿದರೆ 210 ಕಿ.ಮೀ. ಹಾಗಾಗಿ ಮೂರು ನಿಲುಗಡೆ. ಒಂದೊಂದಕ್ಕೆ 31.5 ಯೂನಿಟ್, ₹24ರಂತೆ ₹756, ಮೂರಕ್ಕೆ ₹2,268. ಮನೆಯಲ್ಲಿ ತುಂಬಿದ್ದು ₹400 ಸೇರಿ ಸುಮಾರು ₹2,700. ಪೆಟ್ರೋಲಿನಲ್ಲಿ ಲೀಟರಿಗೆ 16 ಕಿ.ಮೀ. ಸಿಕ್ಕರೂ ₹5,800. ಚಾರ್ಜಿಂಗಿಗೆ ನಿಲುಗಡೆಗೆ 40 ನಿಮಿಷದಂತೆ ಎರಡು ಗಂಟೆ. ಊಟ-ಕಾಫಿಗೆ ಹೇಗೂ ಅಷ್ಟು ಹೊತ್ತು ನಿಲ್ಲುತ್ತೇವೆ. ಮೇ ತಿಂಗಳ ರಜೆಯಲ್ಲಿ ಇಡೀ ಮುಂಬಯಿ ಕೊಂಕಣದ ದಾರಿ ಹಿಡಿದಾಗ ಮಾತ್ರ ನಿಮ್ಮ ಮುಂದೆ ಎರಡು ಕಾರು ನಿಂತಿದ್ದರೆ ಆ 40 ನಿಮಿಷ ಎರಡು ಗಂಟೆಯಾಗುತ್ತದೆ. ಆ ತಿಂಗಳಲ್ಲಿ ರಾತ್ರಿ ಹೊರಟರೆ ವಾಸಿ, ನಾಲ್ಕನೆಯ ಒಂದು ಚಾರ್ಜರನ್ನೂ ಮೊದಲೇ ಗುರುತು ಮಾಡಿಟ್ಟುಕೊಂಡಿರಬೇಕು.

ಮರಳುವಾಗ ಲೆಕ್ಕ ಇನ್ನೂ ಹಗುರ. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಲ್ಲಿ ಮನೆ ಬಳಕೆಯ ವಿದ್ಯುತ್ ದರ ಯೂನಿಟ್ಟಿಗೆ ₹5.80 ಆಗಿತ್ತು. ಊರಿನ ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಂಜೆ ಸಿಕ್ಕಿಸಿದರೆ ಮರುದಿನ ಬೆಳಿಗ್ಗೆ ಹೊತ್ತಿಗೆ, ಹದಿನಾಲ್ಕು ಗಂಟೆಯಲ್ಲಿ, ಬ್ಯಾಟರಿ ತುಂಬಿರುತ್ತದೆ. ಮೀಟರಿನಲ್ಲಿ 46 ಯೂನಿಟ್. ತೆರಿಗೆ, ಸರ್‌ಚಾರ್ಜು ಸೇರಿ ₹300ರ ಆಸುಪಾಸು. ಆ ಅಂಗಳದಲ್ಲಿ ಯಾವ ಕಮಿಟಿಯ ಎನ್‌ಒಸಿಯೂ ಬೇಕಿಲ್ಲ.